ಕರ್ಣವೋ ವಿಕರ್ಣವೋ: ಪ್ರೌಢಶಾಲಾ ಗಣಿತಗನ್ನಡದ ಒಂದು ಪದಚರಿತ್ರೆ

ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಮಳವಳ್ಳಿಯ ಕಡೆಗಿರುವ ಗಗನಚುಕ್ಕಿಯ ಎತ್ತರವನ್ನು 98 ಮೀಟರ್ ಎಂದಿಟ್ಟುಕೊಂಡು, ಹತ್ತನೆಯ ತರಗತಿಯ ಮಾದರಿಯಲ್ಲೊಂದು ಲೆಕ್ಕವನ್ನು ಕಟ್ಟಬಹುದು: ಜಲಪಾತದ ಬುಡದ ಮಟ್ಟದಲ್ಲಿರುವ ಒಂದು ಬಿಂದುವಿನಿಂದ ನೋಡಿದಾಗ ಅದರ ತುದಿಯ ಉನ್ನತ ಕೋನವು 30° ಆದರೆ, ಆ ಬಿಂದುವಿಗೂ ಬುಡಕ್ಕೂ ಇರುವ ದೂರವೆಷ್ಟು? ಉತ್ತರ ಸುಮಾರು 170 ಮೀಟರ್. ದೃಷ್ಟಿರೇಖೆಯ ಉದ್ದ 196 ಮೀಟರ್. ಲೆಕ್ಕ ಸುಲಭದ್ದು. ನಮ್ಮ ಪ್ರಶ್ನೆ ಆ ದೃಷ್ಟಿರೇಖೆಯ ಹೆಸರಿಗೆ ಸಂಬಂಧಿಸಿದುದು. ಲಂಬಕೋನಕ್ಕೆ ಎದುರಾದ ಈ ಬಾಹುವನ್ನು ಕರ್ನಾಟಕದ ಪಠ್ಯಪುಸ್ತಕಗಳು ‘ವಿಕರ್ಣ’ ಎನ್ನುತ್ತವೆ. ಚತುರ್ಭುಜದ ಎದುರು ಮೂಲೆಗಳನ್ನು ಸೇರಿಸುವ ರೇಖೆಯನ್ನು ‘ಕರ್ಣ’ ಎನ್ನುತ್ತವೆ.

ಹಿಂದಿಯ ಶಾಲಾಪುಸ್ತಕವನ್ನು ತೆರೆದರೆ ಇದು ಸಂಪೂರ್ಣ ತಿರುವುಮುರುವು. ಅಲ್ಲಿ ಲಂಬಕೋನ ತ್ರಿಭುಜಕ್ಕೆ ‘ಕರ್ಣ’, ಚತುರ್ಭುಜಕ್ಕೆ ‘ವಿಕರ್ಣ’. ಮರಾಠಿಯಲ್ಲಾದರೋ ಎರಡಕ್ಕೂ ‘ಕರ್ಣ’ವೇ. ಮೂಲದ ದೃಷ್ಟಿಯಿಂದ ಮರಾಠಿಯದೇ ಹಳೆಯ ಸ್ಥಿತಿ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು ಭುಜ, ಕೋಟಿ, ಕರ್ಣ ಎಂದು ತ್ರಿಭುಜದ ಬಾಹುಗಳನ್ನು ಹೆಸರಿಸುವಾಗಲೂ ಚತುರ್ಭುಜದ ಒಳರೇಖೆಯನ್ನು ಹೇಳುವಾಗಲೂ ಬಳಸುವುದು ಒಂದೇ ಪದವನ್ನು. ಇದರಲ್ಲಿ ಗೊಂದಲವೇನಿಲ್ಲ: ಆಯತದ ಒಳರೇಖೆಯು ಅದನ್ನು ಎರಡು ಲಂಬಕೋನ ತ್ರಿಭುಜಗಳಾಗಿ ಸೀಳುತ್ತದೆ, ಒಂದರ ಕರ್ಣವೇ ಇನ್ನೊಂದರ ಕರ್ಣ.

ಆಧುನಿಕ ಶಾಲೆಗೆ ಇದು ಸಾಲಲಿಲ್ಲ. ಇಂಗ್ಲಿಷಿನಲ್ಲಿ ಎರಡು ಪದಗಳಿದ್ದುದರಿಂದ ಕನ್ನಡಕ್ಕೂ ಎರಡು ಬೇಕಾದವು. ‘ವಿ’ ಎಂಬ ಉಪಸರ್ಗವನ್ನು ಹಚ್ಚಿ ಹೊಸ ಪದವನ್ನು ಪಡೆಯುವ ಉಪಾಯ ಹಿಂದಿಗೂ ಕನ್ನಡಕ್ಕೂ ಹೊಳೆಯಿತು. ಹಳೆಯ ಪದವನ್ನು ಯಾವ ಅರ್ಥಕ್ಕೆ ಉಳಿಸಬೇಕೆಂಬಲ್ಲಿ ಮಾತ್ರ ದಾರಿಗಳು ಅಗಲಿದವು. ಪಾರಿಭಾಷಿಕ ಪದಗಳನ್ನು ಸಂಸ್ಕೃತದಿಂದ ರಚಿಸಿಕೊಂಡರೆ ಭಾರತೀಯ ಭಾಷೆಗಳೆಲ್ಲ ಪರಸ್ಪರ ಅರ್ಥವಾಗುತ್ತವೆ ಎಂಬುದು ಕಳೆದ ಶತಮಾನದ ಪದರಚನಾಕಾರರ ಬಲವಾದ ವಾದವಾಗಿತ್ತು. ಧಾತು ಒಂದೇ ಆದರೆ ಪದ ಒಂದಾದೀತು, ಸಂಕೇತಾರ್ಥವೂ ಒಂದಾಗಬೇಕಿಲ್ಲ ಎಂಬುದನ್ನು ಆ ವಾದ ಗಣಿಸಲಿಲ್ಲ. ಅಪರಿಚಿತ ಪದವಾದರೆ ವಿದ್ಯಾರ್ಥಿ ಅರ್ಥವನ್ನು ಕೇಳುತ್ತಾನೆ. ಪರಿಚಿತ ಪದವೇ ಬೇರೆ ಅರ್ಥದಲ್ಲಿ ಬಂದರೆ ಕೇಳುವುದಿಲ್ಲ, ತಪ್ಪುತ್ತಾನೆ. ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ.

ಈ ಪದಗಳು ಬಂದ ಕಾಲವನ್ನೂ ಗಮನಿಸಬೇಕು. ಕನ್ನಡದಲ್ಲಿ ಗಣಿತ ಬರೆಯುವುದು ಹೊಸತಲ್ಲ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ರಚಿಸಿದ್ದನು. ಅವನ ಇನ್ನೊಂದು ಕೃತಿಯ ಹೆಸರು ‘ಚಿತ್ರಹಸುಗೆ’. ಹಂಚುವಿಕೆಗೆ ‘ಹಸುಗೆ’ ಎಂಬ ಅಚ್ಚಗನ್ನಡ ಪದವನ್ನು ಗ್ರಂಥದ ಹೆಸರಿನಲ್ಲೇ ಇಡುವ ಧೈರ್ಯ ನಮ್ಮ ಕಾಲದಲ್ಲಿ ಕಡಿಮೆ. ಆದರೆ 1902ರಲ್ಲಿ ಇದೇ ಶಿವನಸಮುದ್ರದ ನೀರಿನ ಬೀಳಿನಿಂದ ವಿದ್ಯುತ್ತನ್ನು ಪಡೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ, ಮೈಸೂರು ಸಂಸ್ಥಾನದಲ್ಲಿ ಇಂಜಿನಿಯರಿಂಗಿನ ಭಾಷೆಯೂ ಉನ್ನತ ಶಿಕ್ಷಣದ ಭಾಷೆಯೂ ಇಂಗ್ಲಿಷ್. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದದ್ದು 1946ರಲ್ಲಿ. ಮೊದಲು ಯಂತ್ರ ಬಂತು, ಪದ ಆಮೇಲೆ. ಹೀಗಾಗಿ ಹೊಸ ಪದಗಳು ರಾಜಾದಿತ್ಯನ ಮುಂದುವರಿಕೆಯಾಗದೆ ಇಂಗ್ಲಿಷ್ ಪದಗಳಿಗೆ ಒಂದಕ್ಕೊಂದು ಜೋಡಿಯಾಗಿ ಹುಟ್ಟಿದವು.

ತ್ರಿಕೋನಮಿತಿಯ ಅನುಪಾತಗಳಿಗಂತೂ ಆ ಜೋಡಿಯೂ ನಿಲ್ಲಲಿಲ್ಲ. ತರಗತಿಯಲ್ಲಿ ಕೇಳಿಬರುವುದು ಸೈನ್, ಕಾಸ್, ಟ್ಯಾನ್. ‘ಜ್ಯಾ’ದ ರೂಪಾಂತರವಾದ ‘ಜೀವಾ’ ಅರಬ್ಬಿಗೆ ಹೋಗಿ, ಅಲ್ಲಿ ‘ಜೈಬ್’ ಎಂದು ಓದಿಸಿಕೊಂಡು, ಲ್ಯಾಟಿನ್ನಿನ ‘ಸೈನಸ್’ ಆಗಿ ಭಾಷಾಂತರಗೊಂಡ ಕಥೆಯನ್ನು ಓದುಗರು ಬಲ್ಲರು. (‘ಕೋಣ’ ಎಂಬ ಸಂಸ್ಕೃತ ಪದ ನಮ್ಮ ಪಠ್ಯಗಳಲ್ಲಿ ‘ಕೋನ’ವಾಗಿ ನೆಲೆಗೊಂಡದ್ದಕ್ಕೆ ಕೊಟ್ಟಿಗೆಯ ಕೋಣವೂ ಒಂದು ಕಾರಣವಿರಬಹುದೆಂದು ನಮ್ಮ ಊಹೆ.)

ನಾಮಪದಗಳು ಹೀಗೆ ಹೊಯ್ದಾಡುತ್ತಿದ್ದರೂ ಲೆಕ್ಕ ನಡೆಯುವುದು ಕನ್ನಡದ ಕ್ರಿಯಾಪದಗಳ ಮೇಲೆ. ಸಮೀಕರಣವನ್ನು ‘ಬಿಡಿಸು’ತ್ತೇವೆ, ಗಂಟನ್ನೂ ಒಗಟನ್ನೂ ಬಿಡಿಸುವಂತೆ, ಪ್ರಮೇಯವನ್ನು ಬಿಡಿಸುವುದಿಲ್ಲ, ‘ಸಾಧಿಸು’ತ್ತೇವೆ. ಬೀಜಗಣಿತಕ್ಕೂ ರೇಖಾಗಣಿತಕ್ಕೂ ಇರುವ ವ್ಯತ್ಯಾಸವನ್ನು ಈ ಎರಡು ಕ್ರಿಯೆಗಳು ಶಿಕ್ಷಕನ ವಿವರಣೆಗೆ ಮೊದಲೇ ತಿಳಿಸಿಬಿಡುತ್ತವೆ. ‘ಜಲಪಾತದ ಎತ್ತರವು ಎಕ್ಸ್ ಆಗಿರಲಿ’ ಎಂಬಲ್ಲಿನ ‘-ಅಲಿ’ ಪ್ರತ್ಯಯವು ‘ಒಳ್ಳೆಯದಾಗಲಿ’ ಎಂಬ ಹರಕೆಯಲ್ಲಿರುವುದೇ. ಹಾರೈಕೆಯ ರೂಪ ಇಲ್ಲಿ ಊಹೆಯ ರೂಪವಾಗಿ ದುಡಿಯುತ್ತದೆ. ಇದನ್ನು ಯಾವ ಸಮಿತಿಯೂ ಗೊತ್ತುಮಾಡಲಿಲ್ಲ. ಲೆಕ್ಕದ ಪೆಟ್ಟಿಗೆಯಲ್ಲಿ ‘ಕೋನಮಾಪಕ’ದ ಪಕ್ಕದಲ್ಲೇ ‘ಕೈವಾರ’ವೂ ‘ಮೂಲೆಮಟ್ಟ’ವೂ ಇವೆ. ಮಳವಳ್ಳಿಯ ಗಾರೆ ಕೆಲಸದವನು ಗೋಡೆಯ ಮೂಲೆಗೆ ಹಿಡಿಯುವ ಮಟ್ಟದ ಹೆಸರೇ ಅವನ ಮಗಳ ಪೆಟ್ಟಿಗೆಯಲ್ಲಿಯೂ ಇದೆ. ಅದರ ಓರೆ ಅಂಚಿಗೆ ಮಾತ್ರ ಅವಳು ವಿಕರ್ಣ ಎಂದು ಬರೆಯಬೇಕು.