ಯಕೃತ್ತಿನಿಂದ ಬಲ ಹೃತ್ಕರ್ಣಕ್ಕೆ: ಕೋಲಾರ ಸೀಮೆಯ ಸ್ಕ್ಯಾನಿಂಗ್ ಕೋಣೆಗಳಲ್ಲಿ ನೋಡಬೇಕಾದ ದಾರಿ

ಯಕೃತ್ತಿನ ಕ್ಯಾನ್ಸರ್ ಹೃದಯಕ್ಕೆ ಹೋಗುವುದು ವಿರಳ. ಹೋಗುವ ದಾರಿ ಮಾತ್ರ ತೀರಾ ಹತ್ತಿರದ್ದು. ಯಕೃತ್ತಿನ ಅಭಿಧಮನಿಗಳು ವಪೆಯ ಕೆಳಗೇ ಕೆಳ ಮಹಾಭಿಧಮನಿಗೆ ಕೂಡುತ್ತವೆ. ಅಲ್ಲಿಂದ ಬಲ ಹೃತ್ಕರ್ಣಕ್ಕೆ ಎರಡು-ಮೂರು ಸೆಂಟಿಮೀಟರ್, ನಡುವೆ ಬಿಗಿಯಾಗಿ ಮುಚ್ಚುವ ಕವಾಟವಿಲ್ಲ. ಗೆಡ್ಡೆ ನಾಳದ ಗೋಡೆ ಕೊರೆದು ಒಳಹೊಕ್ಕರೆ ರಕ್ತ ಹರಿವ ದಿಕ್ಕಿಗೇ ಬಳ್ಳಿಯಂತೆ ಚಾಚುತ್ತದೆ.

ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಯ ರೋಗಿ ಹೇಳುವುದು ಹೃದಯದ ಮಾತನ್ನಲ್ಲ. ಹೊಟ್ಟೆಯಲ್ಲಿ ನೀರು ತುಂಬಿದೆ, ಕಾಲು ಬಾತಿದೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಕುಡಿತವೂ ಇದ್ದರೆ ಎಲ್ಲವನ್ನೂ ಸಿರೋಸಿಸ್ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ಇಲ್ಲೇ ನಾವು ತಪ್ಪುತ್ತೇವೆ. ಕತ್ತಿನ ನಾಳ ಉಬ್ಬಿ ನಿಂತಿದ್ದರೆ ಅನುಮಾನ ಎದೆಯ ಕಡೆಗೂ ತಿರುಗಬೇಕು. ಈ ಕ್ಯಾನ್ಸರಿಗೆ ದಾರಿಮಾಡುವ ಹೆಪಟೈಟಿಸ್ ಬಿ ವಿರುದ್ಧದ ಲಸಿಕೆ ದೇಶದ ಎಲ್ಲ ಮಕ್ಕಳ ಲಸಿಕಾ ಪಟ್ಟಿಗೆ ಸೇರಿದ್ದು 2011ರ ಹೊತ್ತಿಗೆ. ಇಂದು ನಡುವಯಸ್ಸು ದಾಟಿದವರಿಗೆ ಬಾಲ್ಯದಲ್ಲಿ ಆ ರಕ್ಷಣೆ ಸಿಕ್ಕಿರಲಿಲ್ಲ.

ಹೊಟ್ಟೆಯ ಸ್ಕ್ಯಾನಿಂಗ್ ಒಬ್ಬರದು, ಹೃದಯದ ಎಕೋ ಇನ್ನೊಬ್ಬರದು. ಎರಡರ ಗಡಿಯಲ್ಲಿರುವ ಈ ಎರಡು-ಮೂರು ಸೆಂಟಿಮೀಟರ್ ಯಾರ ಪಾಲಿಗೂ ಬಾರದೆ ಉಳಿದುಬಿಡುತ್ತದೆ. ನೋಡಲು ಹೊಸ ಯಂತ್ರವೇನೂ ಬೇಡ. ರೋಗಿಗೆ ಉಸಿರೆಳೆದು ಹಿಡಿಯಲು ಹೇಳಿ, ಎದೆಗೂಡಿನ ಕೆಳಗೆ ಪ್ರೋಬ್ ಒತ್ತಿ ಮೇಲಕ್ಕೆ ವಾಲಿಸಿದರೆ ಸಾಕು. ಆರೋಗ್ಯವಂತರಲ್ಲಿ ಮೂರು ಅಭಿಧಮನಿಗಳು ಕಪ್ಪು ಕವಲುಗಳಾಗಿ ಕೂಡುತ್ತವೆ. ರೋಗ ಹೊಕ್ಕಲ್ಲಿ ಒಂದು ಕವಲು ಬೂದುಬಣ್ಣಕ್ಕೆ ತಿರುಗಿ ದಪ್ಪಗಾಗಿರುತ್ತದೆ. ಬಲ ಹೃತ್ಕರ್ಣ ತಲುಪಿದ್ದರೆ ಅಲ್ಲಿ ಗೆಡ್ಡೆಯ ತುದಿ ಬಡಿತ ಬಡಿತಕ್ಕೂ ತ್ರಿದಳ ಕವಾಟದತ್ತ ತೂಗಿ ಹಿಂದೆ ಸರಿಯುತ್ತದೆ. ಒಮ್ಮೆ ಕಂಡವರು ಮರೆಯಲಾರರು.

ಅದು ಹೃದಯದಲ್ಲೇ ಹುಟ್ಟುವ ಮಿಕ್ಸೋಮಾ ಗೆಡ್ಡೆ ಇರಬಹುದೇ? ಮಿಕ್ಸೋಮಾದ ತೊಟ್ಟು ಸಾಮಾನ್ಯವಾಗಿ ಹೃತ್ಕರ್ಣಗಳ ನಡುಗೋಡೆಯಲ್ಲಿ. ಇದರ ಬೇರು ಯಕೃತ್ತಿನಲ್ಲಿ. ಬರಿಯ ಹೆಪ್ಪೇ? ಡಾಪ್ಲರ್ ಇಟ್ಟಾಗ ಒಳಗೆ ಧಮನಿಯ ಮಿಡಿತ ಕಂಡರೆ ಅದು ಜೀವಂತ ಗೆಡ್ಡೆ. ಕಾಣದಿದ್ದರೆ ಗೆಡ್ಡೆಯಲ್ಲವೆಂದು ತೀರ್ಮಾನಿಸುವಂತಿಲ್ಲ. ಸಿಟಿ ಅಥವಾ ಎಂಆರ್‌ಐ ಬೇಕು. ಹೆಪ್ಪಾದರೆ ರಕ್ತ ತೆಳುವಾಗಿಸುವ ಮದ್ದು, ಗೆಡ್ಡೆಯಾದರೆ ಬೇರೆಯೇ ದಾರಿ.

ತಾಲ್ಲೂಕಿನ ವರದಿಯಲ್ಲಿ ‘ಅಭಿಧಮನಿಗಳು, ಮಹಾಭಿಧಮನಿ ತೆರವಾಗಿವೆ’ ಅಥವಾ ‘ತೆರವಾಗಿಲ್ಲ’ ಎಂಬ ಒಂದು ಸಾಲು ಇದ್ದರೆ, ಕೋಲಾರದ ಎಸ್ಎನ್ಆರ್ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ಜಾಲಪ್ಪ ಆಸ್ಪತ್ರೆಯಲ್ಲೋ ನೋಡುವವರು ನೇರ ಎಕೋಗೆ ಕೈಹಾಕಬಹುದು. ಗೆಡ್ಡೆಯ ಚೂರು ಕಿತ್ತು ಶ್ವಾಸಕೋಶದ ಧಮನಿಗೆ ಸಿಕ್ಕಿಕೊಂಡರೆ ನಿಮಿಷಗಳಲ್ಲೇ ಜೀವ ಹೋಗಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವ ಗಾಡಿ ಹತ್ತಿಸುವ ಮುನ್ನವೇ ಮನೆಯವರಿಗೆ ಇದನ್ನು ತಿಳಿಸಿರಬೇಕು.