ಸುಟ್ಟುಹೋದ ನಗರದ ಮುಖಗಳು

ಟೋಕಿಯೊದ ತಗ್ಗು ಪ್ರದೇಶದ ಹಳೆಯ ಪೇಟೆಗಳಿಗೆ ‘ಶಿತಮಾಚಿ’ ಎಂದು ಹೆಸರು. ಕುಶಲಕರ್ಮಿಗಳು, ಚಿಲ್ಲರೆ ವ್ಯಾಪಾರಿಗಳು, ಕೂಲಿಕಾರರು ಒತ್ತೊತ್ತಾಗಿ ಬದುಕುತ್ತಿದ್ದ ಈ ಪೇಟೆಗಳು ಇಪ್ಪತ್ತನೆಯ ಶತಮಾನದಲ್ಲಿ ಎರಡು ಬಾರಿ ಸುಟ್ಟು ಬೂದಿಯಾದವು. 1923ರ ಸೆಪ್ಟೆಂಬರ್ 1ರಂದು ಭೂಕಂಪವೂ ಅದರ ಬೆನ್ನಿಗೆ ಎದ್ದ ಬೆಂಕಿಯೂ ಅವನ್ನು ನುಂಗಿದವು. 1945ರ ಮಾರ್ಚ್ 9ರ ರಾತ್ರಿ ಕಳೆದು 10ರ ಬೆಳಗಾಗುವಷ್ಟರಲ್ಲಿ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿಬಾಂಬುಗಳಿಗೆ ಸುಮಾರು 1 ಲಕ್ಷ ಜನ ಬಲಿಯಾದರು. ಈ ಎರಡು ಅನಾಹುತಗಳ ನಡುವೆ ಮತ್ತೆ ಎದ್ದು ನಿಂತಿದ್ದ ಊರಿನ ಆಯುಸ್ಸು ಇಪ್ಪತ್ತೆರಡು ವರ್ಷವೂ ತುಂಬಲಿಲ್ಲ.

ಆ ಊರಿನ ಸಾಮಾನ್ಯ ಜನ ಏನು ಉಡುತ್ತಿದ್ದರು, ಮಕ್ಕಳು ಎಲ್ಲಿ ಆಡುತ್ತಿದ್ದರು, ಅಂಗಡಿಯ ಫಲಕಗಳು ಹೇಗಿದ್ದವು ಎಂಬುದೆಲ್ಲ ಸರ್ಕಾರಿ ಕಡತಗಳಲ್ಲಿ ಸಿಗುವ ಸಂಗತಿಯಲ್ಲ. ಅದನ್ನು ಇಂದು ಕಣ್ಣಿಗೆ ತೋರಿಸುವುದು ಬೀದಿಯಲ್ಲಿ ಓಡಾಡುತ್ತ, ಬಹುಪಾಲು ಯಾರ ಅಪ್ಪಣೆಯನ್ನೂ ಕೇಳದೆ ತೆಗೆದ ಛಾಯಾಚಿತ್ರಗಳು. ಇಂಥ ಚಿತ್ರಗಳಿಗೆ ಜಪಾನಿನಲ್ಲಿ ಒಂದು ದೊಡ್ಡ ಪರಂಪರೆಯೇ ಇದೆ. ‘ಅಪ್ಪಣೆ ಕೇಳದೆ’ ಎಂಬ ಮಾತೇ ಇಂದು ಆ ಪರಂಪರೆಯ ಕೊರಳಿಗೆ ಸುತ್ತಿಕೊಂಡಿದೆ.

ಗಿರವಿ ಅಂಗಡಿಯ ಹುಡುಗ

ಮೊದಲು ಛಾಯಾಚಿತ್ರವೆಂದರೆ ಮುಕ್ಕಾಲಿಯ ಮೇಲಿನ ಭಾರದ ಕ್ಯಾಮೆರಾದ ಮುಂದೆ ಮೈ ಬಿಗಿದು ಕೂರುವುದು. 1925ರಲ್ಲಿ ಜರ್ಮನಿಯ ‘ಲೈಕಾ’ ಮಾರುಕಟ್ಟೆಗೆ ಬಂದು ಇದನ್ನು ಬದಲಿಸಿತು. ಸಿನಿಮಾ ಫಿಲ್ಮಿನ ಸಣ್ಣ ಸುರುಳಿಯಲ್ಲಿ 36 ಚಿತ್ರಗಳು. ಅಂಗೈಗೆ ಒಗ್ಗುವ ಗಾತ್ರ. ಕೇಳಿಸಿದರೂ ಕೇಳಿಸದಂಥ ಸದ್ದು. 1929ರಲ್ಲಿ ‘ಗ್ರಾಫ್ ಜೆಪ್ಪೆಲಿನ್’ ಎಂಬ ಜರ್ಮನ್ ವಾಯುನೌಕೆ ವಿಶ್ವಪರ್ಯಟನೆಯ ನಡುವೆ ಜಪಾನಿಗೆ ಬಂದಾಗ, ಅದರ ನಾಯಕನ ಬಳಿಯಿದ್ದ ಲೈಕಾ ಕಿಮುರಾ ಇಹೇ ಎಂಬ ತರುಣನ ಕಣ್ಣಿಗೆ ಬಿತ್ತು. ಮರುವರ್ಷವೇ ಅವರು ಒಂದನ್ನು ಕೊಂಡರು. ಒಂದು ಲೈಕಾದ ಬೆಲೆಗೆ ಒಂದು ಮನೆಯೇ ಬರುತ್ತದೆ ಎಂಬ ಮಾತು ಆಗ ಜಪಾನಿನಲ್ಲಿ ಚಾಲ್ತಿಯಲ್ಲಿತ್ತು.

ಆ ದುಬಾರಿ ಯಂತ್ರಕ್ಕೆ ಸಾಟಿಯಾದುದನ್ನು ದೇಶದಲ್ಲೇ ಮಾಡುವ ಯತ್ನವೂ ನಡೆಯಿತು. 1934ರಲ್ಲಿ ಟೋಕಿಯೊದ ಒಂದು ಪುಟ್ಟ ಕಾರ್ಯಾಗಾರ ತನ್ನ ಮಾದರಿ ಕ್ಯಾಮೆರಾಕ್ಕೆ ‘ಕ್ವಾನನ್’ ಎಂದು ಹೆಸರಿಟ್ಟಿತು. ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನನ್ನು ಜಪಾನೀಯರು ಕರೆಯುವುದೇ ಹಾಗೆ. ಲೋಕವನ್ನು ಕರುಣೆಯಿಂದ ನೋಡುವವನ ಹೆಸರು ನೋಡುವ ಯಂತ್ರಕ್ಕೆ ಬಂದದ್ದು ಸ್ವಾರಸ್ಯದ ಸಂಗತಿ. ಇಂದಿನ ‘ಕ್ಯಾನನ್’ ಕಂಪನಿಯ ಹೆಸರಿನ ಮೂಲ ಇದೇ.

ಕಿಮುರಾ ಹುಟ್ಟಿದ ಶಿತಯ ಪೇಟೆಯವರೇ ಕುವಾಬಾರ ಕಿನೆಯೊ. 1913ರಲ್ಲಿ ಹುಟ್ಟಿದ ಇವರದು ಗಿರವಿ ಅಂಗಡಿಯ ಮನೆತನ. ಅಂಗಡಿಯ ಕೆಲಸದಿಂದ ಬಿಡುವು ಸಿಕ್ಕಾಗ ಕ್ಯಾಮೆರಾ ಹಿಡಿದು ಉಯೆನೊ, ಅಸಾಕುಸಾ, ಗಿಂಜಾ ಬೀದಿಗಳನ್ನು ಅಲೆಯುತ್ತಿದ್ದ ಹವ್ಯಾಸಿ. ಅವರ ಚಿತ್ರಗಳಲ್ಲಿ ಮಹಾಪುರುಷರಿಲ್ಲ, ಮಹಾಘಟನೆಗಳಿಲ್ಲ. ಅಂಗಡಿಸಾಲು, ಟ್ರಾಮು, ಜಾಹೀರಾತು ಫಲಕ, ಕಿಮೊನೊ ಉಟ್ಟ ಹೆಂಗಸರು, ಬೀದಿಮಕ್ಕಳು, ಸುಮ್ಮನೆ ನಿಂತ ಜನ, ಇಷ್ಟೇ. ಅಸಾಕುಸಾದಲ್ಲಿ ಅದೇ ಅವಲೋಕಿತೇಶ್ವರನ ಸೆನ್ಸೋಜಿ ದೇವಾಲಯವಿದೆ. 1923ರ ಬೆಂಕಿಗೆ ಬಗ್ಗದ ಅದರ ಮುಖ್ಯ ಮಂದಿರ 1945ರ ಬಾಂಬಿಗೆ ಉರಿದುಹೋಯಿತು. ಈಗ ಪ್ರವಾಸಿಗರು ನೋಡುವುದು 1958ರಲ್ಲಿ ಮತ್ತೆ ಕಟ್ಟಿದ್ದನ್ನು.

ಕುವಾಬಾರ ಮುಂದೆ ಛಾಯಾಗ್ರಹಣ ಪತ್ರಿಕೆಗಳ ಸಂಪಾದಕರಾಗಿ ಇತರರ ಚಿತ್ರಗಳನ್ನು ಬೆಳಕಿಗೆ ತಂದರು. ಅವರ ಸ್ವಂತ ಚಿತ್ರಗಳಿಗೆ ಬೆಲೆ ಬಂದದ್ದು ಅರವತ್ತರ ಹೊಸ್ತಿಲಲ್ಲಿ. ಕಿರಿಯ ಛಾಯಾಗ್ರಾಹಕರು ಅವನ್ನು ಕಂಡು ಬೆರಗಾದರು. 1974ರಲ್ಲಿ ‘ಟೋಕಿಯೊ, ಶೋವಾ 11ನೇ ವರ್ಷ’ ಎಂಬ ಸಂಪುಟ ಹೊರಬಂತು. ಶೋವಾ 11 ಎಂದರೆ 1936. ತೆಗೆದ ಕಾಲಕ್ಕೆ ಮಾಮೂಲಾಗಿ ಕಂಡಿದ್ದ ನೋಟಗಳು ಅಷ್ಟು ಹೊತ್ತಿಗೆ ಇಲ್ಲವಾದ ನಗರವೊಂದರ ಸಾಕ್ಷ್ಯವಾಗಿದ್ದವು.

ನೂರು ಯೆನ್ನಿನ ಪುಸ್ತಕ

ಯುದ್ಧದ ವರ್ಷಗಳಲ್ಲಿ ಜಪಾನಿನ ಕ್ಯಾಮೆರಾಗಳು ಪ್ರಭುತ್ವದ ಸೇವೆಗೆ ನಿಂತವು. ಕಿಮುರಾ ಕೂಡ 1942ರಲ್ಲಿ ಆರಂಭವಾದ ‘ಫ್ರಂಟ್’ ಎಂಬ ಪ್ರಚಾರ ಪತ್ರಿಕೆಗೆ ದುಡಿದರು. ಒಪ್ಪವಾಗಿ ಜೋಡಿಸಿದ ಆ ಚಿತ್ರಗಳ ಬಗೆಗಿನ ಅಪನಂಬಿಕೆ ಯುದ್ಧಾನಂತರ ಹೊಸ ಹಾದಿ ತೆರೆಯಿತು. 1950ರಲ್ಲಿ ಕುವಾಬಾರ ಸಂಪಾದಕರಾಗಿದ್ದ ‘ಕ್ಯಾಮೆರಾ’ ಪತ್ರಿಕೆಯ ಮಾಸಿಕ ಸ್ಪರ್ಧೆಗೆ ತೀರ್ಪುಗಾರರಾದ ದೊಮೊನ್ ಕೆನ್ (1909–1990) ವಾಸ್ತವವಾದವನ್ನು ಸಾರಿದರು. ಯಾರನ್ನೂ ನಿಲ್ಲಿಸಬಾರದು, ಏನನ್ನೂ ಜೋಡಿಸಬಾರದು, ಕಂಡದ್ದನ್ನು ನೇರವಾಗಿ ಹಿಡಿಯಬೇಕು ಎಂಬುದು ಅವರ ಪಟ್ಟು. ಊರೂರಿನ ಹವ್ಯಾಸಿಗಳು ಈ ಮಾತಿಗೆ ಓಗೊಟ್ಟು ಬೀದಿಗಿಳಿದರು.

ದೊಮೊನ್ ಕೂಡ ಟೋಕಿಯೊದ ಬೀದಿಗಳಲ್ಲಿ ಮರದ ಕತ್ತಿ ಬೀಸುತ್ತ ಆಡುವ ಮಕ್ಕಳ ಚಿತ್ರ ತೆಗೆದರು. ಪೆಟ್ರೋಲಿಯಂ ಬಂದು ಕಲ್ಲಿದ್ದಲ ಗಣಿಗಳು ಮುಚ್ಚತೊಡಗಿದಾಗ ದಕ್ಷಿಣದ ಚಿಕುಹೋ ಪ್ರದೇಶಕ್ಕೆ ಹೋಗಿ, ಕೆಲಸ ಕಳೆದುಕೊಂಡ ಗಣಿಕಾರ್ಮಿಕರ ಮಕ್ಕಳ ಚಿತ್ರ ತೆಗೆದರು. 1960ರಲ್ಲಿ ಬಂದ ಆ ಪುಸ್ತಕವನ್ನು ಒರಟು ಕಾಗದದ ಮೇಲೆ ಅಚ್ಚುಹಾಕಿ 100 ಯೆನ್ ಬೆಲೆಯಿಟ್ಟದ್ದು ಎಲ್ಲರ ಕೈಗೆಟುಕಲೆಂದು. ಸುಮಾರು 1 ಲಕ್ಷ ಪ್ರತಿಗಳು ಹೋದವು.

ಕಿಮುರಾ ಅವರದು ಬೇರೆಯೇ ಜಾಯಮಾನ. ವಾದಕ್ಕಿಳಿಯದೆ, ಗಾಳಿಯಂತೆ ಸುಳಿದು ಹೋಗುವಾಗಲೇ ಚಿತ್ರ ತೆಗೆದು ಮುಗಿಸಿರುತ್ತಿದ್ದರು. 1953ರಲ್ಲಿ ಹೊಂಗೊ ಪೇಟೆಯಲ್ಲಿ ಅವರು ತೆಗೆದ ಬೀದಿಯ ತಿರುವಿನ ಚಿತ್ರದಲ್ಲಿ ವಿಶೇಷವೇನೂ ನಡೆಯುತ್ತಿಲ್ಲ. ದಾರಿಹೋಕರ ಮುಖ ಒಬ್ಬೊಬ್ಬರದು ಒಂದೊಂದು ಕಡೆಗಿದೆ. ಒಂದು ಸಾಧಾರಣ ದಿನದ ಸಾಧಾರಣ ಗಳಿಗೆ ಹಾಗೇ ಉಳಿದುಕೊಂಡಿದೆ.

ಮುಂದಿನ ತಲೆಮಾರಿಗೆ ಈ ಸ್ಪಷ್ಟತೆಯೂ ಸುಳ್ಳೆನಿಸಿತು. ವಿದ್ಯಾರ್ಥಿ ಚಳವಳಿ ಭುಗಿಲೆದ್ದಿದ್ದ 1968–69ರಲ್ಲಿ ‘ಪ್ರೊವೋಕ್’ ಎಂಬ ಪತ್ರಿಕೆ ಮೂರೇ ಸಂಚಿಕೆ ತಂದು ನಿಂತುಹೋಯಿತು. ಒರಟು ಕಾಳು, ಅಲುಗಾಟ, ಮಸುಕು ಇವೇ ಅದರ ಶೈಲಿ. ಎರಡನೆಯ ಸಂಚಿಕೆಗೆ ಸೇರಿಕೊಂಡ ಮೊರಿಯಾಮ ದೈದೊ ಶಿಂಜುಕು ಪೇಟೆಯ ಗಲ್ಲಿಗಳನ್ನು ಬೀದಿನಾಯಿಯಂತೆ ಅಲೆದು ತೆಗೆದ ಕಪ್ಪುಬಿಳುಪು ಚಿತ್ರಗಳಿಂದ ಲೋಕಪ್ರಸಿದ್ಧರಾದರು.

ಮುಖ ಯಾರ ಸ್ವತ್ತು?

ಅದೇ 1969ರ ಡಿಸೆಂಬರಿನಲ್ಲಿ ಜಪಾನಿನ ಸುಪ್ರೀಂ ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿತು. ಕ್ಯೋಟೊದ ವಿದ್ಯಾರ್ಥಿ ಮೆರವಣಿಗೆಯೊಂದನ್ನು ಪೊಲೀಸರು ಚಿತ್ರ ತೆಗೆದ ಮೊಕದ್ದಮೆ ಅದು. ಪೊಲೀಸರ ಕ್ರಮವನ್ನು ಎತ್ತಿಹಿಡಿದ ನ್ಯಾಯಾಲಯವೇ, ಒಪ್ಪಿಗೆಯಿಲ್ಲದೆ ತನ್ನ ಮುಖ ಅಥವಾ ಚಹರೆಯ ಚಿತ್ರ ತೆಗೆಸಿಕೊಳ್ಳದಿರುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಉಂಟೆಂದು ಹೇಳಿತು. ಪ್ರಭುತ್ವದ ಕ್ಯಾಮೆರಾದಿಂದ ಪ್ರಜೆಯನ್ನು ಕಾಯಲು ಹುಟ್ಟಿದ ತತ್ವ ಕ್ರಮೇಣ ಎಲ್ಲ ಕ್ಯಾಮೆರಾಗಳಿಗೂ ಅನ್ವಯಿಸಿತು. ಗಿಂಜಾದಲ್ಲಿ ನಡೆದುಹೋಗುತ್ತಿದ್ದ ಮಹಿಳೆಯೊಬ್ಬರ ಚಿತ್ರವನ್ನು ಕೇಳದೆ ತೆಗೆದು ಅಂತರಜಾಲದಲ್ಲಿ ಹಾಕಿದ್ದಕ್ಕೆ 2005ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಪರಿಹಾರ ಕೊಡಿಸಿತು. ಬೀದಿಯಲ್ಲಿ ತೆಗೆದ ಚಿತ್ರವೆಲ್ಲ ಅಪರಾಧ ಎಂದೇನೂ ಇದರರ್ಥವಲ್ಲ. ಸ್ಥಳ, ಉದ್ದೇಶ, ಅಗತ್ಯ ಇವನ್ನು ತೂಗಿ, ಸಮಾಜದಲ್ಲಿ ಬಾಳುವವರು ಸಹಿಸಬೇಕಾದ ಮಿತಿ ಮೀರಿದೆಯೇ ಎಂದು ನೋಡಬೇಕೆಂದು ಅದೇ ವರ್ಷ ಸುಪ್ರೀಂ ಕೋರ್ಟು ಹೇಳಿತು.

ಜನರ ಸಹನೆಯೂ ಮೊದಲಿನಂತಿಲ್ಲ. 2020ರಲ್ಲಿ ಫ್ಯೂಜಿಫಿಲ್ಮ್ ಕಂಪನಿ ಹೊಸ ಕ್ಯಾಮೆರಾವೊಂದರ ಪ್ರಚಾರಕ್ಕೆಂದು ತಂದ ವಿಡಿಯೊದಲ್ಲಿ ಛಾಯಾಗ್ರಾಹಕರೊಬ್ಬರು ದಾರಿಹೋಕರ ಮುಖದ ಮುಂದೆಯೇ ಕ್ಯಾಮೆರಾ ಒಡ್ಡುವ ದೃಶ್ಯವಿತ್ತು. ಆಕ್ಷೇಪದ ಸುರಿಮಳೆಯಾಗಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. 1926ರಿಂದ ಹವ್ಯಾಸಿಗಳನ್ನು ಬೆಳೆಸಿದ್ದ ‘ಅಸಾಹಿ ಕ್ಯಾಮೆರಾ’ ಪತ್ರಿಕೆ ನಿಂತುಹೋದದ್ದೂ ಅದೇ ವರ್ಷ.

ಕದ್ದುಮುಚ್ಚಿ ಹೆಂಗಸರ ಚಿತ್ರ ತೆಗೆಯುವವರ ಕಾಟ ತಡೆಯಲು ಜಪಾನಿನಲ್ಲಿ ಮಾರುವ ಮೊಬೈಲ್ ಫೋನುಗಳು ಚಿತ್ರ ತೆಗೆದಾಗ ಸದ್ದು ಮಾಡುತ್ತವೆ. ಇದು ಕಾನೂನಲ್ಲ, ಕಂಪನಿಗಳು ತಾವೇ ಹಾಕಿಕೊಂಡ ಕಟ್ಟು. ಆ ಸದ್ದಿನ ಹಿಂದಿರುವ ಕಾರಣ ನ್ಯಾಯವಾದದ್ದೇ. ಬಡವರ ಮಕ್ಕಳ ಮುಖ ಲಕ್ಷ ಮನೆಗಳನ್ನು ಹೊಕ್ಕಾಗ ಆ ಮಕ್ಕಳನ್ನು ಕೇಳಿದವರು ಯಾರು ಎಂಬ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಆದರೆ ಕೇಳಿ ತೆಗೆದ ಚಿತ್ರದಲ್ಲಿ ಮನುಷ್ಯ ಮುಖ ಸರಿಮಾಡಿಕೊಂಡಿರುತ್ತಾನೆ. ಮುಖ ತೋರಿಸದ ಚಿತ್ರದಲ್ಲಿ ಕಟ್ಟಡಗಳಷ್ಟೇ ಉಳಿಯುತ್ತವೆ. 1936ರ ಟೋಕಿಯೊದ ಬೀದಿಯಲ್ಲಿ ನಿಂತಿದ್ದ ಜನರಲ್ಲಿ ಎಷ್ಟೋ ಮಂದಿಗೆ, 1945ರ ಆ ರಾತ್ರಿಯ ನಂತರ, ಗಿರವಿ ಅಂಗಡಿಯ ಹುಡುಗನ ನೆಗೆಟಿವ್‌ಗಳಲ್ಲಿ ಬಿಟ್ಟರೆ ಬೇರೆಲ್ಲೂ ಮುಖ ಉಳಿದಿರಲಾರದು.