ನಲ್ ತಪಾಸಣೆಯ ಚರಿತ್ರೆ

ಪಹಣಿಯ ಅರ್ಜಿಯಲ್ಲಿ ಸರ್ವೆ ನಂಬರಿನ ಸ್ಥಳವು ಬರಿದಾಗಿದ್ದರೆ ಗುಮಾಸ್ತನು ಅದನ್ನು ಮೊದಲೇ ಹಿಂದಿರುಗಿಸುವನು. ಗಣಕಯಂತ್ರದ ಪ್ರೋಗ್ರಾಮಿನಲ್ಲಿ ಇಂತಹ ಬರಿದಾದ ನಿರ್ದೇಶಕ್ಕೆ ‘ನಲ್’ ಎಂದು ಹೆಸರು. 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಯನ್ನು ರೂಪಿಸುವಾಗ ಟೋನಿ ಹೋರ್ ಅವರು ಇದನ್ನು ಬಳಕೆಗೆ ತಂದರು; 2009ರಲ್ಲಿ ಅದನ್ನೇ ತಮ್ಮ ಶತಕೋಟಿ ಡಾಲರಿನ ತಪ್ಪೆಂದು ಒಪ್ಪಿಕೊಂಡರು.

ಈ ಅವಧಿಯಲ್ಲಿ ಪ್ರೋಗ್ರಾಮು ಬರೆಯುವವರು ಪ್ರತಿಯೊಂದು ಫಂಕ್ಷನ್ನಿನ ಆರಂಭದಲ್ಲಿಯೂ ಅದೇ ತಪಾಸಣೆಯನ್ನು ಮರಳಿ ಮರಳಿ ಬರೆಯಬೇಕಾಯಿತು. ಒಂದೆಡೆ ಮರೆತರೂ ದೋಷವು ಒಳನುಗ್ಗುತ್ತಿತ್ತು. 1997ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದ ಗ್ರೆಗರ್ ಕಿಕ್ಜಾಲೆಸ್ ಮತ್ತು ಸಂಗಡಿಗರು ಮಂಡಿಸಿದ ‘ಆಸ್ಪೆಕ್ಟ್’ ಪದ್ಧತಿಯು ಇದಕ್ಕೊಂದು ಉಪಾಯವನ್ನು ಒದಗಿಸಿತು. ಜಿಲ್ಲಾ ಕಚೇರಿಯ ಒಂದೇ ಆದೇಶವು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲೆಲ್ಲ ಜಾರಿಗೆ ಬರುವಂತೆ, ಒಮ್ಮೆ ಬರೆದ ತಪಾಸಣೆಯನ್ನು ಆಸ್ಪೆಕ್ಟ್‌ಜೆ ಮುಂತಾದ ಸಾಧನಗಳು ಗೊತ್ತುಪಡಿಸಿದ ಫಂಕ್ಷನ್ನುಗಳಲ್ಲೆಲ್ಲ ತಾವೇ ಹೆಣೆಯುತ್ತವೆ.

ಆದರೆ ಒಂದು ಮಾತನ್ನು ಮರೆಯಲಾಗದು. ಫಂಕ್ಷನ್ನನ್ನು ಮಾತ್ರ ಓದಿದವನಿಗೆ ಈ ಆದೇಶವು ಕಾಣುವುದಿಲ್ಲ. ಬರಿದಾದ ಅರ್ಜಿಯು ಬರುವುದೂ ಇದರಿಂದ ನಿಲ್ಲಲಿಲ್ಲ. ಅದು ಬಾಗಿಲಲ್ಲಿಯೇ ಸಿಕ್ಕಿಬಿದ್ದಿತು, ಅಷ್ಟೆ. ಪ್ರೋಗ್ರಾಮು ನಡೆಯುವ ಮೊದಲೇ ಅಂತಹುದನ್ನು ಬಹುಮಟ್ಟಿಗೆ ತಡೆಯುವ ನಿಯಮವನ್ನು 2016ರ ಕಾಟ್ಲಿನ್‌ನಂತಹ ಭಾಷೆಗಳು ತಮ್ಮ ವ್ಯಾಕರಣದಲ್ಲಿಯೇ ಅಳವಡಿಸಿಕೊಂಡವು. ತಪಾಸಣೆಯ ಶ್ರಮವನ್ನು ಆಸ್ಪೆಕ್ಟ್ ಪದ್ಧತಿಯು ಕಳೆಯಿತು. ತಪ್ಪಿನ ಮೂಲವನ್ನು ಕಳೆಯಲು ಭಾಷೆಯನ್ನೇ ತಿದ್ದಬೇಕಾಯಿತು.